ಒಬ್ಬ ವಿರಾಜಪೇಟೆ, ಇನ್ನೊಬ್ಬ ಮೈಸೂರು: ಆಲ್ಬಂ ಆಗುತ್ತಾ?

ಪ್ರಶ್ನೆ: ನಾನು ವಿರಾಜಪೇಟೆಯಲ್ಲಿ ಬೀಟ್ (ಹಾಡಿನ ಹಿಂದಿನ ಸಂಗೀತ) ಮಾಡ್ತೇನೆ, ರ‍್ಯಾಪ್ ಮಾಡೋ ಗೆಳೆಯ ಮೈಸೂರಲ್ಲಿದ್ದಾನೆ. ಹಿಪ್‌ಹಾಪ್‌ಗೆ ಸೋಲ್ ಬೆರೆಸೋ ಆಸೆ. ಒಂದೇ ರೂಮಲ್ಲಿ ಕೂರದೆ ಆಗುತ್ತಾ?

ಆಗುತ್ತೆ. ಇಪ್ಪತ್ತು ವರ್ಷದ ಹಿಂದೆಯೇ ಆಗಿದೆ, ಅದೂ ಸಮುದ್ರದ ಆಚೆ ಒಬ್ಬ, ಈಚೆ ಒಬ್ಬ ಕೂತು. ದಿ ಫಾರಿನ್ ಎಕ್ಸ್‌ಚೇಂಜ್ ಅನ್ನೋ ಜೋಡಿಯನ್ನು ಕೇಳಿ. ಬೀಟ್ ಮಾಡೋ ನಿಕೊಲೆ ಆಗ ನೆದರ್‌ಲ್ಯಾಂಡ್ಸ್‌ನಲ್ಲಿದ್ದ. ಫಾಂಟೆ ಅಮೆರಿಕದ ನಾರ್ತ್ ಕ್ಯಾರೊಲೈನಾದವನು, ಲಿಟಲ್ ಬ್ರದರ್ ಅನ್ನೋ ಅಂಡರ್‌ಗ್ರೌಂಡ್ ಗುಂಪಿನ ರ‍್ಯಾಪರ್. ನಿಕೊಲೆ ಬೀಟ್ ಕಳಿಸೋದು, ಫಾಂಟೆ ಅದರ ಮೇಲೆ ಹಾಡಿ ವಾಪಸ್ ಕಳಿಸೋದು. ಹೀಗೇ 2004ರಲ್ಲಿ 'ಕನೆಕ್ಟೆಡ್' ಬಂತು. ಅದು ಮುಗಿಯೋವರೆಗೂ ಇಬ್ಬರೂ ಎದುರುಬದುರು ಮುಖ ನೋಡಿರಲಿಲ್ಲ! 2008ರ ಆಲ್ಬಂನಲ್ಲಿ ರ‍್ಯಾಪ್ ಕಡಿಮೆಯಾಗಿ ಹಾಡೇ ಜಾಸ್ತಿಯಾಯಿತು, ಅದರ 'ಡೇಕೀಪರ್' ಗ್ರ್ಯಾಮಿ ನಾಮಿನೇಷನ್‌ವರೆಗೂ ಹೋಯಿತು.

ಇನ್ನು ಬೆರೆಸೋ ವಿಷಯ. (ಸೋಲ್ ಅಂದ್ರೆ ಸೋಲು ಅಲ್ಲ ಮಾರಾಯ್ರೆ, ಅಮೆರಿಕದ ಕಪ್ಪು ಜನರ ಭಾವ ತುಂಬಿದ ಹಾಡಿನ ಶೈಲಿ, ನಮ್ಮ ಮನೆಯಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ.) 90 ಬಿಪಿಎಂ (ನಿಮಿಷಕ್ಕೆ ಇಷ್ಟು ಬಡಿತ ಅನ್ನೋ ವೇಗ) ಆಸುಪಾಸಿನಲ್ಲಿ ಒರಟು ಡ್ರಮ್ಸ್ ಇಡಿ, ಮೇಲೆ ಎಲೆಕ್ಟ್ರಿಕ್ ಪಿಯಾನೊ. ಬರೀ ಮೂರು ಸ್ವರದ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳು) ಒತ್ತಬೇಡಿ, ಮೂಲ ಸ್ವರದಿಂದ ಎಣಿಸಿ ಏಳನೆಯದು, ಒಂಬತ್ತನೆಯದು ಸೇರಿಸಿ. ಆ ಮೆತ್ತಗಿನ, ಸ್ವಲ್ಪ ಬೇಸರದ ಬಣ್ಣ ಬರೋದೇ ಅಲ್ಲಿಂದ. ಆಮೇಲೆ ಸ್ನೇರ್ ಡ್ರಮ್ಮಿನ ಪೆಟ್ಟನ್ನು ತಾಳದ ಕ್ಲಿಕ್‌ಗಿಂತ ಒಂದಿಪ್ಪತ್ತು ಮಿಲಿಸೆಕೆಂಡ್ ತಡವಾಗಿ ಬೀಳೋ ಹಾಗೆ ಸರಿಸಿ ನೋಡಿ. ಮಿಷಿನ್ ಬಡಿದ ಹಾಗಿದ್ದದ್ದು ಮನುಷ್ಯ ಬಾರಿಸಿದ ಹಾಗಾಗುತ್ತೆ. ಕೊಡಗಿನವರು ಅಂತ ತೋರಿಸೋಕೆ ಸುಮ್ನೆ ದುಡಿ (ಕೊಡವರ ಪುಟ್ಟ ಚರ್ಮವಾದ್ಯ) ಸದ್ದು ತುರುಕಬೇಡಿ. ನಾನು ಒಮ್ಮೆ ತುರುಕಿದ್ದೆ, ಹೋಮ್‌ಸ್ಟೇ ಜಾಹೀರಾತಿನ ಹಾಗೆ ಕೇಳಿಸ್ತಿತ್ತು.

ಕಳಿಸುವಾಗ ಫೈಲ್ ಹೆಸರಲ್ಲೇ ಬಿಪಿಎಂ ಬರೆಯಿರಿ. ಗೆಳೆಯನಿಗೆ ಹಾಡಿಕೊಳ್ಳೋಕೆ ಎಂಪಿ3 ಸಾಕು, 10 ಎಂಬಿ ಒಳಗೆ ಮುಗಿಯುತ್ತೆ. ಆದರೆ ಅವನ ದನಿ ವಾಪಸ್ ಬರುವಾಗ ವೇವ್ (.wav, ಗುಣಮಟ್ಟ ಕುಗ್ಗಿಸದ) ಫೈಲೇ ಬೇಕು, ಹಾಡು ಎಲ್ಲೇ ಶುರುವಾಗಲಿ, ಫೈಲ್ ಮಾತ್ರ ಬೀಟಿನ ಸೊನ್ನೆ ಸೆಕೆಂಡಿನಿಂದ ಶುರುವಾಗಿರಬೇಕು. ಇಲ್ಲದಿದ್ರೆ ಅದನ್ನು ಬೀಟ್‌ಗೆ ಕೂರಿಸೋದರಲ್ಲೇ ಅರ್ಧ ರಾತ್ರಿ ಹೋಗುತ್ತೆ. ನಾಲ್ಕು ನಿಮಿಷದ ಮೋನೊ (ಒಂದೇ ಚಾನೆಲ್ಲಿನ) ವೇವ್ ಸುಮಾರು 20ರಿಂದ 35 ಎಂಬಿ. ವಾಟ್ಸಾಪ್‌ನಲ್ಲಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಲಿ, ವಾಯ್ಸ್ ನೋಟ್ ಅಂತೂ ಬೇಡವೇ ಬೇಡ.

ಒಂದು ಲೆಕ್ಕದಲ್ಲಿ ನಿಮ್ಮದೇ ಒಳ್ಳೆ ಜೋಡಿ. ಜುಲೈಯಲ್ಲಿ ಶೀಟಿನ ಮಾಡಿನ ಕೆಳಗೆ ಮೈಕ್ ಆನ್ ಮಾಡಿದ್ರೆ ಮಳೆ ಬಿಟ್ಟು ಬೇರೇನೂ ರೆಕಾರ್ಡ್ ಆಗಲ್ಲ, ಆ ಕೆಲಸ ಮೈಸೂರಿನವನದು. ನಿಮಗೆ ಹೆಡ್‌ಫೋನ್ ಇದ್ರೆ ಸಾಕು. ಕರೆಂಟ್ ಇದ್ದಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳಿ, ಅಷ್ಟೇ.