ನಿಖಾಕ್ಕೆ ಮುಂಚಿನ ದುಆಗಳು: ಧರ್ಮದ್ದು ಯಾವುದು, ರೂಢಿಯದ್ದು ಯಾವುದು?

ಈ ವಿಷಯ ಓದಿ ಉತ್ತರ ಬರೆಯುವ ವಿದ್ಯಾರ್ಥಿಗಳಿಗೆ ಇದೊಂದು ಟಿಪ್ಪಣಿ. ನಿಖಾಕ್ಕೆ, ಅಂದರೆ ಮುಸ್ಲಿಂ ಮದುವೆಯ ಒಪ್ಪಂದಕ್ಕೆ, ಬೇಕಾದ್ದು ಎರಡೂ ಕಡೆಯ ಒಪ್ಪಿಗೆ, ಸಾಕ್ಷಿಗಳು, ವಧುವಿಗೆ ವರ ಕೊಡಬೇಕಾದ ಮಹರ್ (ವಧುಧನ). ವಧುವಿನ ಪರ ವಲಿ (ಪೋಷಕ) ಇರಲೇಬೇಕೇ ಎಂಬುದರಲ್ಲಿ ಹನಫಿ, ಶಾಫಿ ಎಂಬ ಎರಡು ಧರ್ಮಶಾಸ್ತ್ರ ಪಂಥಗಳ ನಿಲುವು ಬೇರೆ ಬೇರೆ. ಮದುವೆಗೆ ಮುಂಚಿನ ದುಆಗಳಲ್ಲಿ, ಅಂದರೆ ಪ್ರಾರ್ಥನೆಗಳಲ್ಲಿ, ಒಂದೂ ಕಡ್ಡಾಯವಲ್ಲ. ಓದುವಾಗ ಇದನ್ನು ಮರೆತರೆ ಎಲ್ಲಾ ಕಲಸಿಹೋಗುತ್ತದೆ.

ಇವುಗಳಲ್ಲಿ ಹದೀಸಿನ (ಪ್ರವಾದಿಯವರ ನುಡಿ, ನಡೆಯ ವರದಿ) ಗಟ್ಟಿ ಆಧಾರ ಇರುವುದು ಇಸ್ತಿಖಾರಾಕ್ಕೆ, ಅಂದರೆ ಒಳ್ಳೆಯ ಆಯ್ಕೆ ತೋರಿಸೆಂದು ದೇವರನ್ನು ಬೇಡುವ ಪ್ರಾರ್ಥನೆಗೆ. ಸಂಬಂಧ ಒಪ್ಪುವ ಮುಂಚೆ ಎರಡು ರಕಅತ್ (ನಮಾಝಿನ ಸುತ್ತು) ನಫಿಲ್ (ಐಚ್ಛಿಕ) ನಮಾಝ್ ಮಾಡಿ ಒಂದು ದುಆ ಓದುತ್ತಾರೆ. ಸಹೀಹ್ ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿ ಇದನ್ನು ಪ್ರವಾದಿಯವರ ಸಂಗಾತಿ ಜಾಬಿರ್ ಬಿನ್ ಅಬ್ದುಲ್ಲಾ ವರದಿ ಮಾಡಿದ್ದಾರೆ. ಕುರ್‌ಆನಿನ ಸೂರಾ (ಅಧ್ಯಾಯ) ಕಲಿಸುವ ಹಾಗೆಯೇ ಪ್ರವಾದಿಯವರು ಇದನ್ನು ಕಲಿಸುತ್ತಿದ್ದರಂತೆ. ದುಆದ ಸಾರ ಇಷ್ಟು: ಈ ಕೆಲಸ ನನ್ನ ಧರ್ಮಕ್ಕೂ ಬದುಕಿಗೂ ಒಳ್ಳೆಯದಾದರೆ ಸುಲಭ ಮಾಡು, ಕೆಟ್ಟದಾದರೆ ಅದನ್ನು ನನ್ನಿಂದ ದೂರ ಮಾಡು, ಒಳ್ಳೆಯದು ಎಲ್ಲಿದ್ದರೂ ಕೊಡು, ಅದರಲ್ಲಿ ತೃಪ್ತಿಯನ್ನೂ ಕೊಡು. ಕೊನೆಯ ಮಾತು ನನಗೆ ತುಂಬಾ ಇಷ್ಟ. ನಮಾಝ್ ಮಾಡಿ ಮಲಗಿದರೆ ಕನಸು ಬೀಳಬೇಕು, ಹಸಿರು ಕಂಡರೆ ಹೂಂ, ಕಪ್ಪು ಕಂಡರೆ ಬೇಡ ಅಂತ ಕೆಲವರು ನಂಬುತ್ತಾರೆ. ಆ ಹದೀಸಿನಲ್ಲಿ ಕನಸಿನ ಮಾತೇ ಇಲ್ಲ. ವಿಚಾರಿಸುವುದು, ಹಿರಿಯರನ್ನು ಕೇಳುವುದು ಇವೆಲ್ಲ ಹೇಗೂ ಮಾಡಲೇಬೇಕು, ಅಲ್ವಾ?

ಉಳಿದದ್ದು ಹೆಚ್ಚಾಗಿ ಆಯಾ ನಾಡಿನ ರೂಢಿ. ಈಜಿಪ್ಟಿನಲ್ಲಿ ಎರಡು ಕುಟುಂಬದವರು ಕೂತು ಕೈಯೆತ್ತಿ ಕುರ್‌ಆನಿನ ಮೊದಲ ಸೂರಾ ಫಾತಿಹಾ ಓದಿದರೆ ಮಾತು ಪಕ್ಕಾ ಆದಂತೆ. ಆದರೆ ಅದು ನಿಖಾ ಅಲ್ಲ, ಹುಡುಗ ಹುಡುಗಿ ಇನ್ನೂ ಗಂಡ ಹೆಂಡತಿಯಲ್ಲ. ಇಂಡೋನೇಷ್ಯಾದ ಜಾವಾದಲ್ಲಿ ಮದುವೆಗೆ ಮುಂಚೆ ಪೆಂಗಾಜಿಯಾನ್ ಎಂಬ ಕುರ್‌ಆನ್ ಪಠಣ ಇಡುತ್ತಾರೆ. ಅಲ್ಲಿ ಮಗಳು ಅಪ್ಪ ಅಮ್ಮನ ಕ್ಷಮೆ ಕೇಳಿ, ಆಶೀರ್ವಾದ ಬೇಡುತ್ತಾಳೆ. ದಕ್ಷಿಣ ಏಷ್ಯಾದ ಹಲವು ಮನೆಗಳಲ್ಲಿ ಮೌಲೂದ್ (ಪ್ರವಾದಿಯವರ ಸ್ತುತಿಯ ಪಠಣ) ಅಥವಾ ಕುರ್‌ಆನ್ ಖ್ವಾನಿ (ಜನ ಸೇರಿ ಕುರ್‌ಆನ್ ಓದುವುದು) ನಡೆಯುತ್ತದೆ. ಮೌಲೂದನ್ನು ಬಿದ್‌ಅತ್ (ಧರ್ಮದಲ್ಲಿ ಹೊಸದಾಗಿ ಸೇರಿಸಿದ್ದು) ಅನ್ನುವವರೂ ಇದ್ದಾರೆ, ಪುಣ್ಯ ಅನ್ನುವವರೂ ಇದ್ದಾರೆ. ಉತ್ತರ ಬರೆಯುವಾಗ ಎರಡೂ ಕಡೆ ಹೇಳಿ. ಮೆಹಂದಿ ಬರೀ ಸಂಭ್ರಮ, ಅದಕ್ಕೆ ಜಾಸ್ತಿ ಜಾಗ ಬೇಡ.

ಪೋಷಕರು ಮಕ್ಕಳಿಗೆ ಕಲಿಸುವ ದುಆಗಳಲ್ಲಿ ಸೂರಾ ಫುರ್ಕಾನಿನ 74ನೇ ಆಯತ್ (ವಚನ) ಬಹಳ ಬಳಕೆಯಲ್ಲಿದೆ. ಸಂಗಾತಿ, ಮಕ್ಕಳು ಕಣ್ಣಿಗೆ ತಂಪಾಗಲಿ ಅಂತ ಅದರಲ್ಲಿ ಬೇಡುತ್ತಾರೆ. ನವದಂಪತಿಗೆ ಬರಕತ್ (ದೇವರ ಅನುಗ್ರಹ) ಕೋರುವ ‘ಬಾರಕಲ್ಲಾಹು ಲಕ’ ದುಆ ಮಾತ್ರ ನಿಖಾ ಆದ ಮೇಲಿನದ್ದು. ಅದನ್ನು ಈ ಗುಂಪಿಗೆ ಸೇರಿಸಬೇಡಿ.