ಚೆಲೋ ಎಲ್ಲಿ ಮುಗಿಯಿತು, ಸಿಂಥ್ ಎಲ್ಲಿ ಶುರುವಾಯಿತು?

ಹೊಸ ಸಂಯೋಜಕರೊಬ್ಬರ ಮೊದಲ ಆಲ್ಬಂ ಬರುತ್ತದೆ. ಅದರಲ್ಲಿ ಪಿಟೀಲಿನ ಜಾತಿಯ ದೊಡ್ಡ ವಾದ್ಯ ಚೆಲೋ, ಪಿಯಾನೋ ಇವೆ, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ (ಸಿಂಥ್) ಮತ್ತು ಲ್ಯಾಪ್‌ಟಾಪೂ ಇವೆ. ಕೇಳಿದವರು ತಕ್ಷಣ ತೀರ್ಪು ಕೊಟ್ಟುಬಿಡುತ್ತಾರೆ: ಅರ್ಧ ನಿಜವಾದ ಸಂಗೀತ, ಇನ್ನರ್ಧ ಕಂಪ್ಯೂಟರ್ ಮಾಡಿದ್ದು. ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಯಾಕೆಂದರೆ ಕಿವಿ ಶಬ್ದಗಳನ್ನು ಹೀಗೆ ವಿಂಗಡಿಸುವುದೇ ಇಲ್ಲ. ಅದರ ಲೆಕ್ಕ ಬೇರೆ. ಯಾವ ಕಂಪನಗಳು ಒಟ್ಟಿಗೆ ಶುರುವಾದವು, ಯಾವುವು ಒಟ್ಟಿಗೆ ಅಲುಗುತ್ತಿವೆ ಎಂಬುದನ್ನು ಅದು ಮುಖ್ಯವಾಗಿ ಗಮನಿಸುತ್ತದೆ.

ಚೆಲೋದಲ್ಲಿ 220 ಹರ್ಟ್ಸ್‌ನ (ಸೆಕೆಂಡಿಗೆ 220 ಕಂಪನ) ಸ್ವರ ನುಡಿಸಿದರೆ ಅದರ ಎರಡು, ಮೂರು, ನಾಲ್ಕು ಪಟ್ಟಿನ 440, 660, 880 ಹೀಗೆ ಹಾರ್ಮೋನಿಕ್ಸ್‌ಗಳ ಸಾಲೇ ಜೊತೆಗೆ ಹೊರಡುತ್ತದೆ. ಒಳಕಿವಿ ಅವುಗಳಲ್ಲಿ ಹಲವನ್ನು ಬೇರೆ ಬೇರೆಯಾಗಿ ಹಿಡಿಯುತ್ತದೆ. ಆದರೂ ನಮಗೆ ಕೇಳಿಸುವುದು ಒಂದೇ ಚೆಲೋ. ಬಿಡಿ ಬಿಡಿಯಾಗಿ ಬಂದದ್ದನ್ನು ಮಿದುಳು ಮತ್ತೆ ಒಂದು ಕಂತೆಯಾಗಿ ಕಟ್ಟುತ್ತದೆ. ಜನಜಂಗುಳಿಯನ್ನು ಮಹಡಿಯಿಂದ ನೋಡಿದಾಗ, ಒಟ್ಟಿಗೆ ಹೊರಟು ಒಟ್ಟಿಗೆ ತಿರುಗುವ ನಾಲ್ಕು ಜನರನ್ನು ನಾವು ಸುಮ್ನೆ ಒಂದು ಕುಟುಂಬ ಅಂದುಕೊಳ್ಳುತ್ತೇವಲ್ಲ, ಹಾಗೆ.

ಅಮೆರಿಕದ ಸಂಯೋಜಕ ಜಾನ್ ಚೌನಿಂಗ್ ತೋರಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಕಂಪ್ಯೂಟರಿನಲ್ಲಿ ಮೊದಲು ಒಂದು ಶುದ್ಧ ಸೈನ್ ತರಂಗ, ಅಂದರೆ ಹಾರ್ಮೋನಿಕ್ಸ್ ಇಲ್ಲದ ಒಂಟಿ ಕಂಪನ. ಆಮೇಲೆ ಅದಕ್ಕೆ ಹಾರ್ಮೋನಿಕ್ಸ್ ಸೇರಿಸುತ್ತಾರೆ. ಕೇಳಿದರೆ ಏನೋ ಯಂತ್ರದ ಗುಂಯ್ ಅನ್ನುವ ಸದ್ದು, ಅಷ್ಟೇ. ಈಗ ಆ ಎಲ್ಲ ತರಂಗಗಳಿಗೂ ಒಂದೇ ತರದ ಸಣ್ಣ ಅಲುಗಾಟ ಕೊಡುತ್ತಾರೆ, ಹಾಡುಗಾರರ ಗಂಟಲಿನಲ್ಲಿ ಇರುವಂಥದ್ದು. ತಟ್ಟನೆ ಒಬ್ಬ ಹೆಂಗಸು ಹಾಡುತ್ತಿರುವುದು ಕೇಳಿಸುತ್ತದೆ! ಹೊಸದಾಗಿ ಸೇರಿದ್ದು ಆ ಅಲುಗಾಟ ಮಾತ್ರ.

ಇದರ ತಿರುವುಮುರುವು ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ನಡೆಯಿತು. ಓಬೋ ಎಂಬ ಊದುವ ವಾದ್ಯದ ಒಂದು ಸ್ವರವನ್ನು ತೆಗೆದುಕೊಂಡು ಅದರ ಬೆಸ ಹಾರ್ಮೋನಿಕ್ಸ್‌ಗೆ ಒಂದು ಅಲುಗಾಟ, ಸಮ ಹಾರ್ಮೋನಿಕ್ಸ್‌ಗೆ ಇನ್ನೊಂದು ಅಲುಗಾಟ ಕೊಟ್ಟರು. ಓಬೋ ಎರಡಾಗಿ ಒಡೆಯಿತು. ಒಂದು ಕ್ಲಾರಿನೆಟ್‌ನಂತೆ ಕೇಳಿಸಿತು, ಇನ್ನೊಂದು ಒಂದು ಸ್ಥಾಯಿ ಮೇಲೆ ಮನುಷ್ಯರ ದನಿಯಂತೆ ಹೊರಟಿತು.

ಅಲುಗಾಟದ ಮಾತಾಯಿತು. ಇನ್ನು ಶುರುವಿನ ಮಾತು. ಸ್ವರ ಹುಟ್ಟುವ ಆ ಕ್ಷಣವನ್ನು ಸಂಗೀತದವರು ಅಟ್ಯಾಕ್ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ದೊಡ್ಡ ಧ್ವನಿವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಪುಸ್ತಕದಲ್ಲಿ ನಾದದ ಬಣ್ಣವನ್ನು ವಿವರಿಸುವಾಗ ಇದನ್ನು ಬದಿಗಿಟ್ಟು, ಸ್ವರ ನೆಲೆನಿಂತ ಭಾಗವನ್ನೇ ಹಿಡಿದುಕೊಂಡ. 1948ರಲ್ಲಿ ಅಟ್ಯಾಕ್‌ನ ಮುಖ್ಯತೆ ಎದ್ದು ಕಂಡಿತು. ಫ್ರೆಂಚ್ ರೇಡಿಯೋದ ಎಂಜಿನಿಯರ್ ಪಿಯೆರ್ ಷೆಫರ್ ಗಂಟೆಯ ಸದ್ದನ್ನು, ಹೊಡೆತದ ಕ್ಷಣವನ್ನು ಬಿಟ್ಟು ಧ್ವನಿಮುದ್ರಿಸಿದ. ಗಂಟೆ ಓಬೋದಂತೆ ಕೇಳಿಸತೊಡಗಿತು. ಆಗ ಇನ್ನೂ ಟೇಪ್ ಅವನ ಕೈಗೆ ಬಂದಿರಲಿಲ್ಲ, ಡಿಸ್ಕ್‌ಗಳ ಮೇಲೇ ಈ ಕೆಲಸವೆಲ್ಲ. ಕಂಪ್ಯೂಟರ್ ಬಂದ ಮೇಲೆ ಎಲೆಕ್ಟ್ರಾನಿಕ್ ಸಂಗೀತ ಬಂತು ಎನ್ನುವವರು ಇದನ್ನು ಗಮನಿಸಬೇಕು.

ಬೇಕಾದರೆ ನೀವೇ ಪರೀಕ್ಷಿಸಿ. ಪಿಯಾನೋದ ಒಂದು ಸ್ವರವನ್ನು ರೆಕಾರ್ಡ್ ಮಾಡಿ, ಯಾವುದಾದರೂ ಆ್ಯಪ್‌ನಲ್ಲಿ ಹಿಂದುಮುಂದು ಮಾಡಿ ಕೇಳಿ. ಇಡೀ ಸ್ವರದಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿತ್ತೋ ಅಷ್ಟೇ ಇರುತ್ತದೆ, ಒಂದಿಷ್ಟೂ ಹೆಚ್ಚುಕಡಿಮೆ ಆಗುವುದಿಲ್ಲ. ಆದರೆ ಅದು ಪಿಯಾನೋ ಅಲ್ಲವೇ ಅಲ್ಲ, ಗಾಳಿ ತುಂಬಿ ನುಡಿಸುವ ಯಾವುದೋ ವಾದ್ಯ. 1987ರ ರೋಲ್ಯಾಂಡ್ ಡಿ-50 ಕೀಬೋರ್ಡ್ ತಯಾರಿಸಿದವರು ಈ ಗುಟ್ಟನ್ನೇ ಬಳಸಿಕೊಂಡರು. ಆಗ ಮೆಮೊರಿ ಚಿಪ್ ದುಬಾರಿ. ಹಾಗಾಗಿ ನಿಜವಾದ ವಾದ್ಯದ ಅಟ್ಯಾಕ್ ಅನ್ನು ಮಾತ್ರ ಚಿಪ್‌ನಲ್ಲಿಟ್ಟು, ಉಳಿದದ್ದನ್ನು ಸಿಂಥ್‌ನಿಂದ ಹುಟ್ಟಿಸಿದರು. ಕಿವಿ ಒಪ್ಪಿಕೊಂಡಿತು.

ಚೆಲೋ ಮತ್ತು ಸಿಂಥ್ ಬೆರೆಸುವ ಸಂಯೋಜಕರ ಕೈಚಳಕ ಬಹುಪಾಲು ಇಲ್ಲೇ ಇದೆ. ಬಿಲ್ಲು ತಂತಿಯನ್ನು ಕಚ್ಚುವ ಸದ್ದು ಚೆಲೋದ್ದು, ಅದರ ಹಿಂದೆ ಎಲೆಕ್ಟ್ರಾನಿಕ್ ಸ್ವರ ನಿಧಾನ ಏರುತ್ತದೆ. ಚೆಲೋದ ಅಲುಗಾಟವನ್ನು ಅಳೆದು ಸಿಂಥ್‌ಗೂ ಅದನ್ನೇ ಕೊಟ್ಟರೆ ಎರಡೂ ಒಂದೇ ದೇಹವಾಗುತ್ತವೆ. ಕೆಲವು ಮಿಲಿಸೆಕೆಂಡು ಆಚೀಚೆ ಆದರೆ ಬೆಸುಗೆ ಇನ್ನೂ ಹಿಡಿದಿರುತ್ತದೆ. ಅಂತರ ಹತ್ತಾರು ಮಿಲಿಸೆಕೆಂಡು ದಾಟಿದರೆ ಬಿಟ್ಟುಕೊಳ್ಳಲು ಶುರು. ಬೇಕೆಂದೇ ಬಿಡಿಸುವುದೂ ಉಂಟು, ಅದೂ ಒಂದು ರುಚಿ.

ಯಂತ್ರದಿಂದ ವಾದ್ಯದ ಕಡೆಗೂ ಈ ದಾರಿ ಹೋಗುತ್ತದೆ. ಫ್ರೆಂಚ್ ಸಂಯೋಜಕ ಜೆರಾರ್ ಗ್ರಿಸೇ 1975ರಲ್ಲಿ ಊದುವ ವಾದ್ಯ ಟ್ರೊಂಬೋನ್‌ನ ಒಂದು ತಗ್ಗು ಸ್ವರದ ಹಾರ್ಮೋನಿಕ್ಸ್ ಆಧಾರದ ಮೇಲೆ 18 ವಾದಕರಿಗೆ ಒಂದು ಕೃತಿ ರಚಿಸಿದ. ಒಂದು ಹಾರ್ಮೋನಿಕ್ ಪಿಟೀಲಿಗೆ, ಇನ್ನೊಂದು ಕೊಳಲಿಗೆ. ಸಿಂಥಸೈಜರ್ ಮಾಡುವ ಕೆಲಸವನ್ನು ಕರೆಂಟೇ ಇಲ್ಲದೆ ಮನುಷ್ಯರು ಮಾಡಿದರು. ಈಗ ಹೇಳಿ, ಇದರಲ್ಲಿ ಯಾವ ಅರ್ಧ ನಿಜ?

ಇಂಥ ಸಂಯೋಜಕರಿಗೆ ಆಲ್ಬಂ ಒಗ್ಗುವುದಕ್ಕೆ ಇನ್ನೊಂದು ಕಾರಣವಿದೆ. ಪಿಟೀಲು ಬೇರೆ ಬೇರೆ ಫ್ರೀಕ್ವೆನ್ಸಿಗಳನ್ನು ಬೇರೆ ಬೇರೆ ದಿಕ್ಕಿಗೆ ಚೆಲ್ಲುತ್ತದೆ, ಅದು ಗೋಡೆ, ಚಾವಣಿಗೆ ಬಡಿದು ನಮ್ಮನ್ನು ಮುಟ್ಟುತ್ತದೆ. ಸ್ಪೀಕರ್ ಹಾಗಲ್ಲ, ಜಾಸ್ತಿ ಪಾಲು ಮುಂದಕ್ಕೇ ಎಸೆಯುತ್ತದೆ. ಅದಕ್ಕೇ ವೇದಿಕೆಯ ಮೇಲೆ ಎರಡೂ ಬೇರೆ ಬೇರೆ ಕಡೆಯಿಂದ ಬಂದಂತೆ ಕೇಳಿಸಿ ಬೆಸುಗೆ ಬಿಡುತ್ತದೆ. ವಾದಕರ ಪಕ್ಕದಲ್ಲೇ, ಹಲವು ದಿಕ್ಕಿಗೆ ಮುಖ ಮಾಡಿದ ಸ್ಪೀಕರ್ ಇಟ್ಟು ಇದನ್ನು ಸರಿಮಾಡುವವರಿದ್ದಾರೆ. ಆಲ್ಬಂನಲ್ಲಿ ಈ ತಾಪತ್ರಯ ಇಲ್ಲ. ಚೆಲೋ ಕೂಡ ಅಲ್ಲಿಗೆ ಬರುವುದು ಮೈಕಿನಲ್ಲಿ ವಿದ್ಯುತ್ತಾಗಿಯೇ, ಸಿಂಥ್ ಜೊತೆ ಒಂದೇ ಹೆಡ್‌ಫೋನಿನ ಒಂದೇ ಪೊರೆಯನ್ನು ಅಲುಗಿಸುತ್ತಾ.