ಅಡ್ವಾನ್ಸ್‌ನಲ್ಲಿ ಎಷ್ಟು ತಿಂಗಳು ಉಳಿದಿದೆ?

ಕರ್ನಾಟಕದ ನಗರಗಳಲ್ಲಿ ಬಡವರು ಯಾರು ಎಂಬ ಪ್ರಶ್ನೆಗೆ ಯೋಜನಾ ಆಯೋಗ ಕೊನೆಯದಾಗಿ ಕೊಟ್ಟ ಅಧಿಕೃತ ಉತ್ತರ 1,089 ರೂಪಾಯಿ. 2011-12ರ ಬೆಲೆಯಲ್ಲಿ ತಿಂಗಳಿಗೆ ತಲೆಗೆ ಇಷ್ಟು ಖರ್ಚು ಮಾಡಲಾಗದವರು ಬಡವರು. ಇದಕ್ಕಿಂತ ಹತ್ತು ರೂಪಾಯಿ ಹೆಚ್ಚು ಖರ್ಚಾದರೆ ಬಡವರಲ್ಲ. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ 4,356 ರೂಪಾಯಿ. ಅದರಲ್ಲೇ ಅಕ್ಕಿ, ಗ್ಯಾಸ್, ಬಸ್ಸು, ಸ್ಕೂಲ್ ಫೀಸು, ಬಾಡಿಗೆ ಎಲ್ಲವೂ ಆಗಬೇಕು. ಈ ಲೆಕ್ಕದಂತೆ ರಾಜ್ಯದ ನಗರವಾಸಿಗಳಲ್ಲಿ ಶೇ 15.25ರಷ್ಟು ಜನ ಬಡವರಾದರು.

ಆ ಬಡತನ ರೇಖೆ ಬೆಂಗಳೂರಿಗೆ ಎಂದು ಬೇರೆಯಾಗಿ ಎಳೆದದ್ದಲ್ಲ. ರಾಜ್ಯದ ಎಲ್ಲ ನಗರಗಳಿಗೂ ಒಂದೇ ರೇಖೆ. ಸಿಂಧನೂರಿನಲ್ಲಿ ಬಾಡಿಗೆ ಮನೆ ಮಾಡಿದವರಿಗೂ ಅದೇ, ಲಗ್ಗೆರೆಯಲ್ಲಿ ಶೀಟ್ ಮನೆ ಹಿಡಿದವರಿಗೂ ಅದೇ. ಸಿಂಧನೂರಿನಿಂದ ಬಂದು ಲಗ್ಗೆರೆಯಲ್ಲಿ ಬಾಡಿಗೆ ಕಟ್ಟುವವರಿಗೆ ಈ ಎರಡರ ನಡುವಿನ ಅಂತರ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಈ ರೇಖೆಯ ಮೂಲ ಹುಡುಕುತ್ತಾ ಹೋದರೆ ಜೈಲಿನ ಊಟಕ್ಕೆ ಬಂದು ನಿಲ್ಲುತ್ತೇವೆ. 1870ರ ದಶಕದಲ್ಲಿ ದಾದಾಭಾಯಿ ನವರೋಜಿ, ಕೈದಿಗಳಿಗೆ ಮತ್ತು ಹಡಗಿನಲ್ಲಿ ಹೊರದೇಶಕ್ಕೆ ಹೋಗುವ ಕೂಲಿಗಳಿಗೆ ಕೊಡುತ್ತಿದ್ದ ಆಹಾರದ ಪಟ್ಟಿ ಹಿಡಿದು ಕೂತರು. 1867-68ರ ಬೆಲೆಯಲ್ಲಿ ಒಬ್ಬ ಮನುಷ್ಯ ಬದುಕಿರಲು ವರ್ಷಕ್ಕೆ ಪ್ರಾಂತ್ಯಕ್ಕೆ ತಕ್ಕಂತೆ 16ರಿಂದ 35 ರೂಪಾಯಿ ಬೇಕು ಎಂದು ಲೆಕ್ಕ ತೆಗೆದರು. ಕೈದಿಗೆ ಸಿಗುವಷ್ಟೂ ಪ್ರಜೆಗೆ ಸಿಗುತ್ತಿಲ್ಲ ಎಂದು ಬ್ರಿಟಿಷರ ಮುಖಕ್ಕೆ ಹಿಡಿಯುವುದಕ್ಕಾಗಿ ಮಾಡಿದ ಲೆಕ್ಕ ಅದು. ಆಳುವವರ ಮೇಲೆ ಹೊರಿಸಿದ ಆರೋಪ ಸ್ವಾತಂತ್ರ್ಯದ ನಂತರ ಆಳುವವರದೇ ಅಳತೆಗೋಲಾಯಿತು. ಬಡತನದ ಲೆಕ್ಕದ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ತಿರುವು ಇದು.

ಮುಂದಿನದು ಬೇಗ ಹೇಳಿ ಮುಗಿಸಬಹುದು. 1950ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಗಿ, ಮನೆಮನೆಗೆ ಹೋಗಿ ಖರ್ಚು ಕೇಳುವ ಪದ್ಧತಿ ಬಂತು. 1962ರಲ್ಲಿ ತಜ್ಞರ ಗುಂಪೊಂದು ಹಳ್ಳಿಗೆ ತಲೆಗೆ ತಿಂಗಳಿಗೆ 20, ಪಟ್ಟಣಕ್ಕೆ 25 ರೂಪಾಯಿ ಎಂದಿತು. 1971ರಲ್ಲಿ ಪುಣೆಯ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ ದಿನಕ್ಕೆ 2,250 ಕ್ಯಾಲರಿ ಎಂದರು. 1979ರಲ್ಲಿ ಅಲಘ್ ಕಾರ್ಯಪಡೆ ಹಳ್ಳಿಗೆ 2,400, ನಗರಕ್ಕೆ 2,100 ಎಂದು ಗೊತ್ತು ಮಾಡಿತು. ನಗರದವರ ಮೈದುಡಿಮೆ ಕಡಿಮೆ ಎಂಬುದು ಈ ವ್ಯತ್ಯಾಸದ ಹಿಂದಿದ್ದ ಎಣಿಕೆ. ನಾಲ್ಕನೇ ಮಹಡಿಗೆ ತಲೆ ಮೇಲೆ ಇಟ್ಟಿಗೆ ಹೊರುವ ಹೆಂಗಸನ್ನು ಆ ಎಣಿಕೆಯಲ್ಲಿ ಎಲ್ಲಿ ಇಡುವುದು? 1993ರ ಲಕ್ಡಾವಾಲ ಸಮಿತಿ ಪ್ರತಿ ರಾಜ್ಯಕ್ಕೂ ಬೇರೆ ರೇಖೆ ಕೊಟ್ಟಿತು. 2009ರ ತೆಂಡೂಲ್ಕರ್ ಸಮಿತಿ ಕ್ಯಾಲರಿಯ ಲಂಗರು ಬಿಚ್ಚಿ ಶಿಕ್ಷಣ, ಆರೋಗ್ಯದ ಖರ್ಚನ್ನು ಸೇರಿಸಿತು. 2011ರಲ್ಲಿ ಯೋಜನಾ ಆಯೋಗ ನಗರಕ್ಕೆ ದಿನಕ್ಕೆ 32 ರೂಪಾಯಿ ಸಾಕು ಎಂದು ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿದಾಗ ದೇಶವೇ ಸಿಡಿದೆದ್ದಿತು. 2014ರಲ್ಲಿ ರಂಗರಾಜನ್ ಸಮಿತಿ ನಗರದ ರಾಷ್ಟ್ರೀಯ ರೇಖೆಯನ್ನು ತಿಂಗಳಿಗೆ 1,407ಕ್ಕೆ ಏರಿಸಲು ಹೇಳಿತು. ಅದನ್ನು ಸರ್ಕಾರ ಅಂಗೀಕರಿಸಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಹೊಸ ಅಧಿಕೃತ ರೇಖೆ ಬಂದಿಲ್ಲ.

ಇವೆಲ್ಲವೂ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಯಿತು? ಆ ದುಡ್ಡು ಎಲ್ಲಿಂದ ಬಂತು ಎಂಬುದು ರೇಖೆಗೆ ಬೇಕಿಲ್ಲ. ಬೆಂಗಳೂರಿನ ಬಡತನ ಲೆಕ್ಕದಿಂದ ಜಾರಿಹೋಗುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಪೀಣ್ಯದ ಆಸುಪಾಸಿನಲ್ಲಿ ಹೀಗೊಂದು ಮನೆ ಎಂದುಕೊಳ್ಳಿ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಗಂಡ ಆಟೊ ಓಡಿಸುತ್ತಾನೆ, ಇಬ್ಬರು ಮಕ್ಕಳು. ಗಂಡನಿಗೆ ಅಪಘಾತವಾಗಿ ಆಸ್ಪತ್ರೆಯಲ್ಲಿ 80 ಸಾವಿರ ಬಿಲ್ ಆಯಿತು. ತಾಳಿ ಸರ ಗಿರವಿಗೆ ಹೋಯಿತು, ಸಂಘದಲ್ಲಿ ಸಾಲ, ಮೇಲೊಂದಿಷ್ಟು ಕೈಸಾಲ. ಆ ವರ್ಷ ಸಮೀಕ್ಷೆಯವರು ಬಂದರೆ ಆಸ್ಪತ್ರೆಯ ಬಿಲ್ ಆ ಮನೆಯ ಅನುಭೋಗ (ಬಳಕೆ) ವೆಚ್ಚದಲ್ಲೇ ಸೇರುತ್ತದೆ. ತಲೆಗೆ ತಿಂಗಳ ಖರ್ಚು ಏರಿ, ಮನೆ ಮುರಿದುಬಿದ್ದ ವರ್ಷವೇ ಆ ಕುಟುಂಬ ಕಾಗದದ ಮೇಲೆ ಹಿಂದಿನ ವರ್ಷಕ್ಕಿಂತ ಅನುಕೂಲಸ್ಥವಾಗಿ ಕಾಣುತ್ತದೆ. ಸಾಲ ಮಾಡಿ ತುಪ್ಪ ತಿಂದರೆ ಲೆಕ್ಕದಲ್ಲಿ ತುಪ್ಪ ಇರುತ್ತದೆ, ಸಾಲ ಇರುವುದಿಲ್ಲ. ಈ ಮನೆಯವರು ತಿಂದದ್ದು ತುಪ್ಪವನ್ನೂ ಅಲ್ಲ.

ಆದಾಯದ ಕಡೆಯಿಂದ ಅಳೆದರೆ ಸರಿಹೋದೀತೇ? ಪಡಿತರ ಚೀಟಿಯ ಕತೆ ನೋಡಿ. ಬಿಪಿಎಲ್ ಕಾರ್ಡಿಗೆ ರಾಜ್ಯ ಇಟ್ಟ ಆದಾಯದ ಮಿತಿ ವರ್ಷಕ್ಕೆ 1.20 ಲಕ್ಷ, ಅಂದರೆ ತಿಂಗಳಿಗೆ 10 ಸಾವಿರ. ಬೆಂಗಳೂರಿನಲ್ಲಿ ಕನಿಷ್ಠ ವೇತನ ಆ ಗೆರೆ ದಾಟಿ ವರ್ಷಗಳೇ ಆಗಿವೆ. ಕಾನೂನಿನ ಪ್ರಕಾರ ಸಂಬಳ ಪಡೆಯುವ ಒಬ್ಬಳೇ ಒಬ್ಬಳು ದುಡಿಯುವ ಮನೆಯೂ ಅಕ್ಷರಶಃ ನೋಡಿದರೆ ಬಡತನದ ಗೆರೆಯ ಆಚೆ ನಿಲ್ಲುತ್ತದೆ. ಸರ್ಕಾರದ ಒಂದು ಇಲಾಖೆ ಬದುಕಲು ಕನಿಷ್ಠ ಬೇಕು ಎಂದ ಮೊತ್ತ ಇನ್ನೊಂದು ಇಲಾಖೆಗೆ ಹೆಚ್ಚಾಗಿ ಕಂಡಿದೆ. ಈ ಗೊಂದಲ ಕಾಗದದಲ್ಲೇ ಉಳಿಯುವುದಿಲ್ಲ. 2024ರ ನವೆಂಬರ್‌ನಲ್ಲಿ ಅನರ್ಹರ ಕಾರ್ಡ್ ರದ್ದು ಮಾಡಲು ಹೊರಟಾಗ ಎದ್ದ ಕೂಗಿಗೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರ ಕಾರ್ಡ್ ಬಿಟ್ಟು ಉಳಿದವನ್ನು ವಾಪಸ್ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ಅನ್ನಭಾಗ್ಯದ ಅಕ್ಕಿಯಿಂದ ಹಿಡಿದು ಆಸ್ಪತ್ರೆಯ ರಿಯಾಯಿತಿವರೆಗೆ ಎಷ್ಟೋ ಬಾಗಿಲು ತೆರೆಯುವ ಕಾರ್ಡ್ ಅದು. ಅದು ಕೈತಪ್ಪುತ್ತದೆ ಎಂಬ ಹೆದರಿಕೆಯೇ ಒಂದು ಅಭದ್ರತೆ.

ಕನಿಷ್ಠ ವೇತನದ ಹಿಂದೆ ಮಾತ್ರ ಬೇರೆಯದೇ ಪರಂಪರೆ ಇದೆ, ನನ್ನ ಮಟ್ಟಿಗೆ ಬಡತನ ರೇಖೆಗಿಂತ ಮಾನವೀಯವಾದದ್ದು. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ದುಡಿಯುವವನ ಕುಟುಂಬವನ್ನು ಮೂರು ಅನುಭೋಗ ಘಟಕವೆಂದು, ಅಂದರೆ ಮೂವರು ವಯಸ್ಕರ ಬಳಕೆಗೆ ಸಮವೆಂದು ಎಣಿಸಿ, ಘಟಕಕ್ಕೆ 2,700 ಕ್ಯಾಲರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ಮತ್ತು ಇತರೆಗೆ ಶೇ 20 ಎಂದು ಸೂತ್ರ ಕೊಟ್ಟಿತು. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ವೈದ್ಯಕೀಯ, ಹಬ್ಬ, ಮದುವೆ, ಮುಪ್ಪಿಗೆ ಎಂದು ಶೇ 25 ಸೇರಿಸಲು ಹೇಳಿತು. ನಾಳೆಯ ಕಷ್ಟವನ್ನು ಇವತ್ತಿನ ಲೆಕ್ಕಕ್ಕೆ ತಂದದ್ದು ಈ ಸೂತ್ರ. ಬಡತನ ರೇಖೆಯಲ್ಲಿ ಇಲ್ಲದ್ದು ಇದೇ.

ಈಗ ಅಳತೆಯನ್ನು ಬಡಾವಣೆಗೆ ಇಳಿಸಿ ನೋಡೋಣ. ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹುಟ್ಟುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. ತಲಾ ಆದಾಯದಲ್ಲೂ ಅದೇ ಮೊದಲು. 2002ರ ನಂಜುಂಡಪ್ಪ ಸಮಿತಿ 35 ಸೂಚಕ ಹಿಡಿದು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ತಾಲ್ಲೂಕು ಮಟ್ಟಕ್ಕೆ ಇಳಿದು ಅಳೆದ ದೊಡ್ಡ ಕೆಲಸ ಅದು, ಅದರ ಉಪಕಾರ ಉತ್ತರ ಕರ್ನಾಟಕಕ್ಕೆ ಗೊತ್ತು. ಆದರೆ ಬೆಂಗಳೂರಿನ ತಾಲ್ಲೂಕುಗಳ ಒಳಗೆ ಇರುವ ಬಡತನವನ್ನು ಆ ಅಳತೆ ಹೇಳಲಾರದು. ಒಂದೇ ತಾಲ್ಲೂಕಿನಲ್ಲಿ ಗೇಟೆಡ್ ಕಮ್ಯುನಿಟಿಯೂ ಇದೆ, ಅದರ ಕಾಂಪೌಂಡಿಗೆ ಒರಗಿದ ನೀಲಿ ಟಾರ್ಪಾಲಿನ ಗುಡಿಸಲೂ ಇದೆ. ಸರಾಸರಿ ತೆಗೆದರೆ ಗುಡಿಸಲು ಮಾಯ. ಮಾದರಿ ಸಮೀಕ್ಷೆಯಲ್ಲಿ ಇಡೀ ನಗರಕ್ಕೆ ಸಿಗುವ ಮನೆಗಳ ಸಂಖ್ಯೆ ಒಂದು ವಾರ್ಡಿನ ಬಗ್ಗೆ ಮಾತಾಡುವಷ್ಟು ಇರುವುದಿಲ್ಲ. ಲಂಡನ್ನಿನಲ್ಲಿ ಸಮಾಜ ಸಂಶೋಧಕ ಚಾರ್ಲ್ಸ್ ಬೂತ್ 1880ರ ದಶಕದ ಕೊನೆಯಲ್ಲೇ ಬೀದಿ ಬೀದಿಗೆ ಬೇರೆ ಬೇರೆ ಬಣ್ಣ ಹಚ್ಚಿ ಬಡತನದ ನಕ್ಷೆ ಮಾಡಿಸಿದ್ದರು. ಉಪಗ್ರಹಕ್ಕೆ ಹೆಸರಾದ ನಮ್ಮ ಊರಿಗೆ ಅಂಥದ್ದೊಂದು ಬೇಕೆಂದು ಕೇಳುವುದು ಅತಿಯಾಸೆ ಅಲ್ಲ.

ನಮ್ಮಲ್ಲಿ ಬೀದಿಮಟ್ಟದ ಬಡತನಕ್ಕೆ ಬದಲಿಯಾಗಿ ಬಳಸಿದ್ದು ಕೊಳೆಗೇರಿ ಪಟ್ಟಿಯನ್ನು. 1973ರ ಕರ್ನಾಟಕ ಕೊಳೆಗೇರಿ ಕಾಯ್ದೆಯಡಿ ಒಂದು ಜಾಗ ಘೋಷಿತವಾದರೆ ಅದಕ್ಕೆ ನೀರು, ಚರಂಡಿ, ಹಕ್ಕುಪತ್ರದ ದಾರಿ ತೆರೆಯುತ್ತದೆ. ಘೋಷಣೆಯಾಗದಿದ್ದರೆ ಅದು ಇದ್ದೂ ಇಲ್ಲ. 2011ರ ಜನಗಣತಿ ಕೊಳೆಗೇರಿ ಎನ್ನಲು ಸುಮಾರು 60-70 ಮನೆಗಳಾದರೂ ಒತ್ತಾಗಿ ಇರಬೇಕು ಎಂದಿತು. ಖಾಲಿ ಸೈಟಿನಲ್ಲಿ 20 ಗುಡಿಸಲು ಹಾಕಿಕೊಂಡ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು ಆ ಸಂಖ್ಯೆಗೆ ಏರುವುದೇ ಇಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ್ ಕೃಷ್ಣ ಮತ್ತು ಸಂಗಡಿಗರು ಉಪಗ್ರಹ ಚಿತ್ರದಲ್ಲಿ ನೀಲಿ ಚುಕ್ಕೆಗಳನ್ನು ಹುಡುಕಿ, ಆಮೇಲೆ ಅಲ್ಲಿಗೇ ನಡೆದುಹೋಗಿ, ಪಟ್ಟಿಯಲ್ಲಿ ಇಲ್ಲದ ಇಂಥ ನೆಲೆಗಳನ್ನು ಅಧ್ಯಯನ ಮಾಡಿದರು. ಹಳೆಯ ಘೋಷಿತ ಕೊಳೆಗೇರಿಯೂ ಈ ನೀಲಿ ಗುಡಿಸಲೂ ಎರಡು ಬೇರೆ ಲೋಕ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಮೊದಲನೆಯದರಲ್ಲಿ ತಲೆಮಾರುಗಳಿಂದ ನೆಲೆ ನಿಂತವರು, ಕರೆಂಟು, ಟೀವಿ, ವೋಟರ್ ಐಡಿ ಇರುವವರು. ಎರಡನೆಯದರಲ್ಲಿ ಜಾಗದ ಮಾಲೀಕ ಹೇಳಿದ ದಿನ ಟಾರ್ಪಾಲು ಮಡಚಿಕೊಂಡು ಏಳಬೇಕಾದವರು.

ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕ ದುಡ್ಡನ್ನು ಬಿಟ್ಟು 12 ಸೂಚಕಗಳನ್ನು ಹಿಡಿಯಿತು: ಪೋಷಣೆ, ಶಾಲೆ, ಅಡುಗೆ ಇಂಧನ, ಶೌಚಾಲಯ, ಬ್ಯಾಂಕ್ ಖಾತೆ ಹೀಗೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಆಧರಿಸಿ ಕರ್ನಾಟಕದಲ್ಲಿ ಶೇ 7.58 ಜನ ಬಡವರು ಎಂದಿತು. ಹಳ್ಳಿಯ ಕೊರತೆ ಹಿಡಿಯಲು ಇದು ಒಳ್ಳೆಯ ಸಾಧನ. ನಗರದಲ್ಲಿ ಎಡವುತ್ತದೆ. ಅದರ ಆಸ್ತಿ ಪಟ್ಟಿಯಲ್ಲಿ ಫೋನು ಮತ್ತು ಬೈಕು ಎರಡೂ ಇದ್ದರೆ ಆ ಮನೆಗೆ ಆಸ್ತಿಯ ಕೊರತೆ ಇಲ್ಲ. ಊಟ ತಲುಪಿಸುವ ಹುಡುಗನಿಗೆ ಇವೆರಡೂ ಇರಲೇಬೇಕು, ಎರಡೂ ಕಂತಿನವು. ಎರಡು ಕಂತು ತಪ್ಪಿದರೆ ಬೈಕು ಫೈನಾನ್ಸ್‌ನವರ ಗೋದಾಮಿನಲ್ಲಿ. ಇಂಥವರಿಗಾಗಿ 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವ್ಯವಹಾರದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಕೊಟ್ಟಿದೆ.

ಅಂಕಿಅಂಶ ಹೇಳದ್ದನ್ನು ಈ ಊರಿನ ಹೆಂಗಸರು ಒಮ್ಮೆ ರಸ್ತೆಗಿಳಿದು ಹೇಳಿದ್ದಾರೆ. 2016ರ ಏಪ್ರಿಲ್ 18, 19. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಬಂದು ಕೂತರು. ದೊಡ್ಡ ಸಂಘಟನೆಗಳ ಕರೆ ಇರಲಿಲ್ಲ. ಕೇಂದ್ರ ಎರಡೇ ದಿನದಲ್ಲಿ ನಿಯಮ ವಾಪಸ್ ತೆಗೆದುಕೊಂಡಿತು. ಮುಪ್ಪಿಗೆಂದು ಇಟ್ಟ ದುಡ್ಡಿಗೆ ಈಗಲೇ ಯಾಕೆ ಹಟ ಎಂದು ಆಗ ಕೇಳಿದವರಿದ್ದರು. ಕೆಲಸ ಬಿಟ್ಟಾಗ ಕೈಗೆ ಬರುವ ಆ ಪಿಎಫ್ ಮಗಳ ಮದುವೆ, ಅಪ್ಪನ ಆಪರೇಷನ್, ಬಡ್ಡಿ ಸಾಲದ ಅಸಲು. ಬೇರೆ ಉಳಿತಾಯ ಇಲ್ಲದ ಮನೆಗೆ ಅದೊಂದೇ ಆಸರೆ. ಈ ನಗರದ ಆರ್ಥಿಕ ಅಭದ್ರತೆಯ ಬಗ್ಗೆ ಇದಕ್ಕಿಂತ ದೊಡ್ಡ ಸಮೀಕ್ಷೆ ನಡೆದದ್ದು ನನಗೆ ನೆನಪಿಲ್ಲ.

ನಾಲ್ಕು ವರ್ಷದ ನಂತರ ಲಾಕ್‌ಡೌನ್ ಬಂತು. ರೇಖೆಯ ಮೇಲಿದ್ದವರು ಎರಡು ಬಟವಾಡೆ ತಪ್ಪುತ್ತಲೇ ರೇಖೆಯ ಕೆಳಗೆ ಬಂದರು. 2020ರ ಮೇನಲ್ಲಿ ರಾಜ್ಯ ಸರ್ಕಾರ ಬಿಲ್ಡರ್‌ಗಳ ಜೊತೆಗಿನ ಸಭೆಯ ನಂತರ ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸಿತು, ಪ್ರತಿಭಟನೆ ಎದ್ದ ಮೇಲೆ ಮತ್ತೆ ಬಿಟ್ಟಿತು. ಆಟೊ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ ಒಂದು ಬಾರಿಯ 5,000 ರೂಪಾಯಿ ಘೋಷಿಸಿತು. ಅದನ್ನು ಪಡೆಯಲು ಅರ್ಜಿ, ದಾಖಲೆ, ಆನ್‌ಲೈನ್. ಮನೆಗೆಲಸದವರ, ಬೀದಿ ಬದಿ ಇಡ್ಲಿ ಮಾರುವವರ ಪಟ್ಟಿ ಆ ಹೊತ್ತಿಗೆ ಕೈಯಲ್ಲಿ ಇದ್ದಿದ್ದರೆ ಎಂದು ಆಗ ಎಷ್ಟು ಜನ ಹಲುಬಿದೆವು.

ಆ ತಿಂಗಳುಗಳಲ್ಲಿ ಬಾಡಿಗೆ ಮನೆಗಳ ವಠಾರದಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳುತ್ತಿತ್ತು: ‘ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಸ್ವಾಮಿ.’ ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಡುವುದು ಹಳೆಯ ವಾಡಿಕೆ. ಕೆಲವರು ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಕೂರುತ್ತಾರೆ. ಊರಿನ ತುಂಡು ಹೊಲ ಮಾರಿ, ಚೀಟಿ ಎತ್ತಿ, ಒಡವೆ ಇಟ್ಟು ಜೋಡಿಸಿದ ದುಡ್ಡು ಅದು. ಬಡತನದ ಯಾವ ಸಮಿತಿಯೂ ಅದನ್ನು ಎಣಿಸಿಲ್ಲ. ಆದರೆ ಸಂಬಳ ನಿಂತಾಗ ತಲೆ ಮೇಲೆ ಸೂರು ಉಳಿಸುವುದು ಅದೇ. ಅಡ್ವಾನ್ಸ್ ಪೂರ್ತಿ ಇರುವ ಮನೆ ಹತ್ತು ತಿಂಗಳು ತಡೆದೀತು. ಅರ್ಧ ಕರಗಿದ ಮನೆ ಐದು. ಮುಗಿದ ಮನೆಯವರು ಸಾಮಾನು ಕಟ್ಟಿಕೊಂಡು ಇನ್ನೂ ಹೊರವಲಯಕ್ಕೆ, ಇಲ್ಲವೇ ಊರಿಗೆ.

2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದಾಗಿ ಒಡೆಯಿತು. ವಾರ್ಡುಗಳು ಚಿಕ್ಕವಾಗುತ್ತಿವೆ, ಮನೆಮನೆಗೆ ಹೋಗುವ ಕೆಲಸ ಹಿಂದಿಗಿಂತ ಸುಲಭ. 2027ರ ಜನಗಣತಿಯ ಮನೆಪಟ್ಟಿಯಲ್ಲಿ ಎಂದಿನಂತೆ ಟೀವಿ, ಫೋನು, ವಾಹನ, ಶೌಚಾಲಯ ಕೇಳುತ್ತಾರೆ, ಸಾಲ ಕೇಳುವುದಿಲ್ಲ. ಹಾಗಾಗಿ ಪಾಲಿಕೆಯೇ ತನ್ನ ವಾರ್ಡಿನಲ್ಲಿ ನಾಲ್ಕು ಪ್ರಶ್ನೆ ಹಿಡಿದು ಹೊರಡಲಿ ಎಂಬುದು ನನ್ನ ಒತ್ತಾಯ. ಕಳೆದ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು? ಒಡವೆ ಮನೆಯಲ್ಲಿದೆಯೋ ಗಿರವಿಯಲ್ಲಿದೆಯೋ? ವಾರಕ್ಕೆ ಎಷ್ಟು ಕಂತು ಕಟ್ಟುತ್ತೀರಿ? ಅಡ್ವಾನ್ಸ್‌ನಲ್ಲಿ ಎಷ್ಟು ತಿಂಗಳು ಉಳಿದಿದೆ? ಕೊನೆಯ ಪ್ರಶ್ನೆಗೆ ಬಾಗಿಲಲ್ಲಿ ನಿಂತ ಹೆಂಗಸು ಯೋಚಿಸದೆ ಉತ್ತರ ಕೊಡುತ್ತಾಳೆ. ಅವಳು ಆ ಲೆಕ್ಕವನ್ನು ಪ್ರತಿ ರಾತ್ರಿ ಮಾಡುತ್ತಿರುತ್ತಾಳೆ.